ಏಳು ಮೂಟೆ ಪ್ರತಿಧ್ವನಿ

ದುಯ್ಸೆನ್‌ನ ಹೆಂಡತಿ ಸಾರಿಗೆಂದು ಗುಂಡಿಯಿಂದ ಒಂದು ಬುಟ್ಟಿ ಆಲೂಗಡ್ಡೆ ಎತ್ತಿಕೊಂಡು ಹೋದರೆ ನಮ್ಮ ಹಾಡು ಕೆಡುತ್ತದೆ. ಇದನ್ನು ಕೇಳಿದವರೆಲ್ಲ ನಗುತ್ತಾರೆ. ನಗಲಿ, ಬಾಯಿ ಬಿಟ್ಟು ನಕ್ಕರೆ ನನಗೆ ಅವರ ಹಲ್ಲು ಕಾಣುತ್ತದೆ. ನಾನು ಕಟ್ಟುಹಲ್ಲು ಮಾಡುವವನು.

ಹೆಸರು ತ್ರೋಫಿಮ್ ನಿಗಾಯ್. ಅಜ್ಜನ ಕಾಲದಿಂದ ಈ ಸೀಮೆಯಲ್ಲೇ ಇರುವ ಕೊರಿಯದವರ ಪೈಕಿ. ಗೆಳೆಯ ದುಯ್ಸೆನ್ ಕಜಾಕ್, ಅಲ್ಮಾಟಿಯ ಲಿಫ್ಟುಗಳನ್ನು ರಿಪೇರಿ ಮಾಡುತ್ತಾನೆ. ಇಬ್ಬರಿಗೂ ಐವತ್ತು ಹತ್ತಿರ. ಇಬ್ಬರೂ ಸೇರಿ ಕರೆಂಟಿನ ವಾದ್ಯಗಳಲ್ಲಿ ಸಂಗೀತ ಮಾಡುತ್ತೇವೆ. ತಂಡದ ಹೆಸರು ‘ಎರಡನೇ ಸಾಲು’, ಏಕೆಂದರೆ ನಮ್ಮ ಸ್ಟುಡಿಯೋ ಇರುವುದು ಕಾರು ನಿಲ್ಲಿಸುವವರ ಗ್ಯಾರೇಜು ಸಂಘದ ಎರಡನೇ ಸಾಲಿನ ನಲವತ್ತೊಂದನೇ ಗ್ಯಾರೇಜಿನಲ್ಲಿ. ದುಯ್ಸೆನ್‌ನ ಕಾರು ಹೊರಗೆ ಹಿಮದಲ್ಲಿ ನಿಂತಿರುತ್ತದೆ. ಸಂಗೀತಕ್ಕಾಗಿ ನಾವು ಮಾಡಿದ ತ್ಯಾಗ ಅದೊಂದೇ, ಅದೂ ಮಾಡಿದ್ದು ಕಾರು.

ನಮ್ಮ ಸಾಮಾನು ಏನೇನು ಎಂದು ಮೊದಲೇ ಹೇಳಿಬಿಡುತ್ತೇನೆ. ಮುಂದೆ ಈ ವಿಷಯದಲ್ಲಿ ಬೇಕಾದಷ್ಟು ಸುಳ್ಳು ಬರಲಿದೆ, ಒಂದು ಸಲವಾದರೂ ನಿಜ ಹೇಳಿದ ಹಾಗಾಗಲಿ. ಒಂದು ಸಿಂಥಸೈಜರ್ ಇದೆ. ಮುಚ್ಚಿಹೋದ ಸಂಸ್ಕೃತಿ ಭವನವೊಂದರಿಂದ ತಂದದ್ದು. ಚಳಿಗೆ ಶ್ರುತಿ ಇಳಿಸಿಕೊಂಡು ಮುನಿದು ಕೂರುತ್ತದೆ, ಕೂದಲು ಒಣಗಿಸುವ ಯಂತ್ರದಿಂದ ಹತ್ತು ನಿಮಿಷ ಬಿಸಿಗಾಳಿ ಊದಿದ ಮೇಲೆಯೇ ಬಾಯಿ ಬಿಡುವುದು. ತಾಳಕ್ಕೆ ಒಂದು ಪೆಟ್ಟಿಗೆ. ದುಯ್ಸೆನ್ ಹಳೆಯ ಲಿಫ್ಟಿನ ಸ್ವಿಚ್ಚುಗಳನ್ನು ಜೋಡಿಸಿ ಮಾಡಿದ್ದು. ಒಂದೇ ಸಮನೆ ಟಕಟಕ ಬಡಿಯುತ್ತದೆ, ಪಕ್ಕದವನು ವೆಲ್ಡಿಂಗ್ ಶುರು ಮಾಡಿದರೆ ಮಾತ್ರ ಗಾಬರಿಯಾಗಿ ಓಡತೊಡಗುತ್ತದೆ. ಎರಡು ಟೇಪ್ ರೆಕಾರ್ಡರುಗಳಿವೆ. ಒಂದೇ ಟೇಪು ಎರಡರ ನಡುವೆ, ಪೊರಕೆಯ ಕೋಲನ್ನು ಸುತ್ತಿ, ಓಡುತ್ತಲೇ ಇರುತ್ತದೆ. ಒಮ್ಮೆ ನುಡಿಸಿದ್ದು ಸಾಲ ಕೊಟ್ಟವನ ಹಾಗೆ ಮತ್ತೆ ಮತ್ತೆ ಬರುತ್ತದೆ.

ಇಷ್ಟು ಯಾರ ಹತ್ತಿರ ಬೇಕಾದರೂ ಇರಬಹುದು. ನಮ್ಮ ಹಾಡಿನ ಜೀವ ಇರುವುದು ಗುಂಡಿಯಲ್ಲಿ. ನಮ್ಮ ಕಡೆ ಪ್ರತಿ ಗ್ಯಾರೇಜಿನ ನೆಲದಡಿಯಲ್ಲೂ ಒಂದು ಗುಂಡಿ ಇರುತ್ತದೆ. ಚಳಿಗಾಲಕ್ಕೆ ಬೇಕಾದ ಆಲೂಗಡ್ಡೆ, ಕ್ಯಾರೆಟ್ಟು, ಉಪ್ಪಿನಕಾಯಿ ಬಾಟಲಿಗಳು, ಎಲ್ಲ ಅಲ್ಲಿ. ಆ ಗುಂಡಿಯ ಒಂದು ಮೂಲೆಯಲ್ಲಿ ಸ್ಪೀಕರು ಇಟ್ಟಿದ್ದೇವೆ, ಎದುರು ಮೂಲೆಯಲ್ಲಿ ಮೈಕು. ಮೇಲೆ ನುಡಿಸಿದ್ದು ಸ್ಪೀಕರಿನಿಂದ ಹೊರಟು, ಇಟ್ಟಿಗೆ ಗೋಡೆಗೆ ಬಡಿದು, ಮೂಟೆಗಳ ಮೇಲೆ ಹೊರಳಿ, ಬಾಟಲಿಗಳನ್ನು ಸವರಿಕೊಂಡು ಮೈಕಿಗೆ ಬಂದು ಸೇರುತ್ತದೆ. ಏಳು ಮೂಟೆ ಆಲೂಗಡ್ಡೆ, ಅರವತ್ತೆರಡು ಬಾಟಲಿ. ಅದೇ ನಮ್ಮ ದನಿ. ಎಂಟು ಮೂಟೆಯಾದರೆ ಬಾಯಿಗೆ ಹತ್ತಿ ತುರುಕಿದ ಹಾಗೆ, ಆರಾದರೆ ಬಚ್ಚಲಲ್ಲಿ ಹಾಡಿದ ಹಾಗೆ. ಈ ಭಯಕ್ಕೆ ನಾನೇ ವಾರಕ್ಕೊಮ್ಮೆ ಬಜಾರಿನಿಂದ ಆಲೂಗಡ್ಡೆ ಹೊತ್ತು ತಂದು ದುಯ್ಸೆನ್‌ನ ಹೆಂಡತಿ ರೌಶಾನ್‌ಗೆ ಕೊಡುತ್ತೇನೆ. ಆಕೆ ನನ್ನನ್ನು ದೇವರಂಥ ಮನುಷ್ಯ ಎಂದುಕೊಂಡಿದ್ದಾಳೆ.

ಆ ಫೆಬ್ರವರಿಯಲ್ಲಿ ನಮ್ಮ ಆರು ಹಾಡುಗಳಲ್ಲಿ ಐದು ಮುಗಿದಿದ್ದವು. ಆರನೆಯದಕ್ಕೆ ನಾನು ತುದಿಗಾಲಲ್ಲಿ ನಿಂತಿದ್ದೆ. ಆದರೆ ದುಯ್ಸೆನ್‌ಗೆ ಮಗಳ ಮದುವೆಯ ಮಾತುಕತೆ. ಮಗಳು ತೊಗ್ಜಾನ್ ಮೆಚ್ಚಿದ ಹುಡುಗನ ತಂದೆ ಬತ್ತಿಹೋದ ಅರಾಲ್ ಸಮುದ್ರದ ಕಡೆಯ ಹಿರಿಯ, ಒರಿನ್‌ಬಾಸರ್. ಗೌರವಕ್ಕೆ ಎಲ್ಲರೂ ಒರೆಕೆ ಎನ್ನುತ್ತಾರೆ. ನೂರಾರು ಒಂಟೆಗಳ ಯಜಮಾನ. ಬಡವರಾದರೆ ಅವರಿಗೆ ತೊಂದರೆಯಿಲ್ಲ, ಸುಳ್ಳರನ್ನು ಕಂಡರೆ ಆಗುವುದಿಲ್ಲ. ದೊಡ್ಡ ಮಗನಿಗೆ ಗೊತ್ತಾಗಿದ್ದ ಸಂಬಂಧವನ್ನು, ಹೆಣ್ಣಿನ ಕಡೆಯವರು ಒಂದು ಕುದುರೆಯ ವಯಸ್ಸನ್ನು ಎರಡು ವರ್ಷ ಕಡಿಮೆ ಹೇಳಿದರೆಂದು ಮುರಿದುಕೊಂಡು ಎದ್ದು ಬಂದವರು. ಇಂಥವರಿಗೆ ರೌಶಾನ್ ಮೊದಲ ಮಾತಿನಲ್ಲೇ ತನ್ನ ಗಂಡ ‘ಧ್ವನಿ ಇಂಜಿನಿಯರ್’ ಎಂದು ಹೇಳಿಬಿಟ್ಟಿದ್ದಳು.

“ಯಾಕಮ್ಮಾ ಹಾಗಂದೆ?” ಎಂದು ನಾನು ಕೇಳಿದೆ.

“ಸುಳ್ಳೇನು? ಲಿಫ್ಟು ಸದ್ದು ಮಾಡಲ್ವಾ?” ಎಂದಳು.

ಅಷ್ಟರಲ್ಲಿ ಊರಿನ ರೇಡಿಯೋದವರಿಗೆ ನಮ್ಮ ಹಾಡು ಹೇಗೋ ಕಿವಿಗೆ ಬಿದ್ದಿತ್ತು. ಮಂಗಳವಾರ ಬೆಳಿಗ್ಗೆ ಹನ್ನೊಂದಕ್ಕೆ ದುಯ್ಸೆನ್‌ಗೆ ಫೋನು ಮಾಡಿ ನೇರ ಪ್ರಸಾರದಲ್ಲಿ ಮಾತಾಡಿಸುತ್ತೇವೆ ಎಂದರು. ನಾನು ಅಂಗಡಿಯಲ್ಲಿ ಒಬ್ಬ ನಿವೃತ್ತ ಮೇಷ್ಟರ ಮೇಲ್ದವಡೆಯ ಕಟ್ಟುಹಲ್ಲು ಉಜ್ಜುತ್ತ ರೇಡಿಯೋ ಹಚ್ಚಿದೆ. ಫೋನು ಬಂದಾಗ ದುಯ್ಸೆನ್ ಎಲ್ಲಿದ್ದ ಎನ್ನುತ್ತೀರಿ? ಒಂಬತ್ತು ಅಂತಸ್ತಿನ ಕಟ್ಟಡದಲ್ಲಿ ನಾಲ್ಕಕ್ಕೂ ಐದಕ್ಕೂ ನಡುವೆ ಸಿಕ್ಕಿಕೊಂಡ ಲಿಫ್ಟಿನ ತಲೆಯ ಮೇಲೆ ಕುಕ್ಕರಗಾಲಲ್ಲಿ ಕೂತಿದ್ದ. ಒಳಗೆ ಒಬ್ಬ ಹೆಂಗಸು ಸಂತೆ ಚೀಲಗಳ ಸಮೇತ ಬಂದಿಯಾಗಿದ್ದಳು.

“ದುಯ್ಸೆನ್ ಅಣ್ಣಾ, ನಿಮ್ಮ ಮೂರನೇ ಹಾಡಲ್ಲಿ ನೆಲದೊಳಗಿಂದ ಯಾರೋ ಕರೆಯೋ ಥರ ಒಂದು ದನಿ ಇದೆಯಲ್ಲ, ಮೈ ಜುಂ ಅನ್ನುತ್ತೆ. ಅದ್ಯಾವ ಯಂತ್ರ?” ಎಂದಳು ರೇಡಿಯೋ ಹುಡುಗಿ.

“ಯಂತ್ರ ಆಮೇಲೆ ಹೇಳುವಂತೆ, ಮೊದ್ಲು ನನ್ನ ಇಳಿಸಪ್ಪಾ!” ಎಂದಿತು ಇನ್ನೊಂದು ದನಿ. ಅದೂ ಪ್ರಸಾರವಾಯಿತು.

“ಅದು... ಯಂತ್ರ ಅಂದ್ರೆ...” ದುಯ್ಸೆನ್‌ನ ಉಸಿರು ಕೇಳಿಸಿತು. ಅವನ ಕಣ್ಣೆದುರು ಲಿಫ್ಟಿನ ಮೋಟರಿಗೆ ಬಡಿದ ತಗಡಿನ ಫಲಕವಿತ್ತೆಂದು ನನಗೆ ಆಮೇಲೆ ತಿಳಿಯಿತು. “ಕೆ.ಪಿ. ಒಂಬತ್ತು. ಸಾವಿರದ ಒಂಬೈನೂರ ಎಂಬತ್ಮೂರನೇ ಇಸವಿದು.”

“ನಾನು ಕೇಳೇ ಇಲ್ವಲ್ಲ!”

“ಹೇಗೆ ಕೇಳಿರ್ತೀರಮ್ಮ? ಪ್ರಪಂಚದಲ್ಲಿ ಇರೋದೇ ಒಂದು. ಮುಚ್ಚಿಹೋದ ಕಾರ್ಖಾನೇದು. ಸಬ್‌ಮೆರೀನಿಗೆ ಅಂತ ಗುಟ್ಟಾಗಿ ಮಾಡಿದ್ದು.”

ನನ್ನ ಕೈಯಿಂದ ಮೇಷ್ಟರ ದವಡೆ ಜಾರಿ ಎರಡು ಹೋಳಾಯಿತು. ಅಲ್ಮಾಟಿಯಿಂದ ಕಡಲು ಎಷ್ಟು ದೂರವೆಂದರೆ ನಮ್ಮಲ್ಲಿ ಮೀನೇ ಡಬ್ಬಿಯಲ್ಲಿ ಬರುತ್ತದೆ, ಇನ್ನು ಸಬ್‌ಮೆರೀನು! ಸಂಜೆ ಅವನನ್ನು ಗ್ಯಾರೇಜಿನಲ್ಲಿ ಹಿಡಿದು ನಿಲ್ಲಿಸಿದೆ.

“ಗುಂಡಿ ಅನ್ನೋಕೆ ನಿನಗೇನು ಧಾಡಿ?”

“ಬಾಯಿ ಬರ್ಲಿಲ್ಲ ಕಣೋ. ಹುಡುಗ ಅವರಪ್ಪನಿಗೆ ನಮ್ಮ ಹಾಡು ಕಳ್ಸಿದಾನಂತೆ, ರೇಡಿಯೋನೂ ಫೋನಲ್ಲಿ ಕೇಳಿಸ್ತೀನಿ ಅಂದಿದ್ನಂತೆ. ಮಗಳ ಮದುವೆ ಮಾತಾಡೋ ಹೊತ್ತಲ್ಲಿ ನಾನು ಆಲೂಗಡ್ಡೆ ಗುಂಡೀಲಿ ಸಂಗೀತ ಮಾಡ್ತೀನಿ ಅಂತ ಊರಿಗೆಲ್ಲ ಸಾರ್ಲಾ? ಹೋಗ್ಲಿ ಬಿಡು, ರೇಡಿಯೋ ಮಾತು, ಗಾಳಿಗೆ ಹೋಯ್ತು.”

ಗಾಳಿಗೆ ಹೋದದ್ದು ಗ್ಯಾರೇಜು ಸಂಘದ ಅಧ್ಯಕ್ಷೆ ನೀನಾ ಪಾವ್ಲೊವ್ನಾ ಅವರ ಕಿವಿಗೆ ಬಂದಿತ್ತು. ಪಕ್ಕದ ನಲವತ್ತನೇ ಗ್ಯಾರೇಜು ಅವರದು. ನಮ್ಮ ಕೆಳಸ್ವರಗಳಿಗೆ ತಮ್ಮ ಸೌತೆಕಾಯಿ ಉಪ್ಪಿನಕಾಯಿ ಮೆತ್ತಗಾಗುತ್ತಿದೆ ಎಂದು ಅವರಿಗೆ ಮೂರು ವರ್ಷದಿಂದ ಅನುಮಾನ. ಈಗ ಕಾರಣ ಸಿಕ್ಕಿತು. ಮಾರನೇ ದಿನ ಯಾರಿಂದಲೋ ವಿಕಿರಣ ಅಳೆಯುವ ಮೀಟರು ತಂದು ನಮ್ಮ ಬಾಗಿಲಿಗೆ ಹಿಡಿದರು. ಮುಳ್ಳು ಅಲುಗಲಿಲ್ಲ.

“ನೋಡಿ ನೀನಾ ಪಾವ್ಲೊವ್ನಾ, ಏನೂ ಇಲ್ಲ,” ಎಂದೆ.

“ಮೀಟರಿಗೇ ಸಿಗ್ತಿಲ್ಲ ಅಂದ್ರೆ ಎಷ್ಟು ಗಟ್ಟಿ ಮಿಲಿಟರಿ ಮಾಲಿರ್ಬೇಕು!” ಎಂದು ಅವರು ಎರಡು ಹೆಜ್ಜೆ ಹಿಂದೆ ಸರಿದರು.

ಮಧ್ಯಾಹ್ನದ ಹೊತ್ತಿಗೆ ಸಂಘದ ಗೇಟಿನಲ್ಲಿ ಚೀಟಿ ಬಿತ್ತು: ‘ನಲವತ್ತೊಂದರಲ್ಲಿ ಸೇನೆಯ ಯಂತ್ರವಿದೆ, ಗರ್ಭಿಣಿಯರು ಮೂರನೇ ಸಾಲಿನಿಂದ ಓಡಾಡಬೇಕು.’ ಗರ್ಭಿಣಿಯರನ್ನು ಬಿಟ್ಟು ಉಳಿದವರೆಲ್ಲ ಎರಡನೇ ಸಾಲಿಗೆ ಬಂದರು. ಒಬ್ಬ ಸತ್ತ ಬ್ಯಾಟರಿ ಹೊತ್ತು ತಂದು, ಸುಮ್ಮನೆ ಒಂದು ರಾತ್ರಿ ಯಂತ್ರದ ಪಕ್ಕ ಇಡಿ ಸಾಕು ಎಂದ. ಒಬ್ಬ ಅಜ್ಜಿ ಟೊಮೆಟೊ ಸಸಿಗಳ ತಟ್ಟೆ ತಂದು ದುಯ್ಸೆನ್‌ನ ಕೈಗಿತ್ತು, “ಮಗಾ, ಇವಕ್ಕೂ ಒಂದಿಷ್ಟು ಕೇಳ್ಸು,” ಎಂದಳು. ದುಯ್ಸೆನ್ ಇಲ್ಲವೆನ್ನಲಾರದೆ ತಟ್ಟೆ ಇಸಿದುಕೊಂಡ. ಅವನು ಹಾಗೆಯೇ. ಅವನ ಬಾಯಲ್ಲಿ ‘ಇಲ್ಲ’ ಎಂಬ ಪದಕ್ಕೆ ಹಲ್ಲೇ ಹುಟ್ಟಿಲ್ಲ. ನಾನು ಹಾಡು, ಹಾಡು ಎಂದು ಗ್ಯಾರೇಜಿನ ಒಳಗೂ ಹೊರಗೂ ಶತಪಥ ತಿರುಗುತ್ತಿದ್ದೆ.

ನೀನಾ ಪಾವ್ಲೊವ್ನಾ ಚೀಟಿಗೆ ಸುಮ್ಮನಾಗದೆ ನಗರಾಡಳಿತಕ್ಕೂ ಬರೆದರು. ದೂರಿನಲ್ಲಿ ‘ಸಂಗೀತ’ ಎಂಬ ಪದವಿದ್ದುದರಿಂದ ಅದು ಸಂಸ್ಕೃತಿ ವಿಭಾಗಕ್ಕೆ ಹೋಯಿತು. ಶುಕ್ರವಾರ ಲೆಸ್ಬೆಕ್ ಎಂಬ ಅಧಿಕಾರಿ ಕಡತ ಹಿಡಿದು ಬಂದ. ತೆಳ್ಳಗಿದ್ದ, ಆತುರದಲ್ಲಿದ್ದ, ಬೂಟಿಗೆ ಹಿಮ ಹತ್ತಿದ್ದಕ್ಕೆ ನಮ್ಮನ್ನೇ ದುರುಗುಟ್ಟಿ ನೋಡಿದ. ದುಯ್ಸೆನ್ ತಪ್ಪೊಪ್ಪಿಕೊಳ್ಳಲು ಬಾಯಿ ತೆರೆದ.

“ಸ್ವಾಮಿ, ನಿಜ ಹೇಳ್ಬೇಕಂದ್ರೆ ಆ ಯಂತ್ರ...”

“ಯಾವ ಇಸವಿ?”

“ಎಂಬತ್ಮೂರು. ಆದ್ರೆ ಅದು...”

“ಸುಸ್ಥಿತೀಲಿದೆಯೋ, ಕೆಟ್ಟಿದೆಯೋ?”

“ಇಲ್ವೇ ಇಲ್ಲ ಸ್ವಾಮಿ!”

“ಕೆಟ್ಟಿಲ್ಲ,” ಎಂದು ಲೆಸ್ಬೆಕ್ ಬರೆದುಕೊಂಡ. “ಜವಾಬ್ದಾರಿ ಯಾರದು? ಸಹಿ ಹಾಕಿ.”

“ಒಂದ್ಸಲ ಒಳಗೆ ಬಂದು ನೋಡಿಬಿಟ್ರೆ...” ಎಂದೆ ನಾನು.

“ನೋಡೋದು ತಾಂತ್ರಿಕ ವಿಭಾಗದ ಕೆಲ್ಸ. ನಮ್ದು ದಾಖಲೆ ಮಾಡೋದಷ್ಟೇ,” ಎಂದು ಕಾರಿನ ಬಾನೆಟ್ಟಿನ ಮೇಲೆ ಕಾಗದವಿಟ್ಟು ಗುಂಡು ಮೊಹರು ಒತ್ತಿ ಹೊರಟುಹೋದ. ಕೆ.ಪಿ. ಒಂಬತ್ತು, ನಗರದ ಅಪರೂಪದ ಸಾಂಸ್ಕೃತಿಕ ಆಸ್ತಿ. ಹುಟ್ಟಿ ಮೂರು ದಿನವಾದ ಸುಳ್ಳಿಗೆ ಸರ್ಕಾರದ ಜನನ ಪತ್ರ ಸಿಕ್ಕಿತು. ಐವತ್ತು ವರ್ಷದ ದುಯ್ಸೆನ್‌ಗೆ ಅಷ್ಟು ಚಂದದ ಕಾಗದ ಎಂದೂ ಸಿಕ್ಕಿರಲಿಲ್ಲ. ಅವನು ಅದನ್ನು ಮಡಚದೆ ಮನೆಗೆ ಹಿಡಿದುಕೊಂಡು ಹೋದ.

ಭಾನುವಾರ ಬೀಗರು ಬಂದರು. ನನ್ನನ್ನೂ ಕರೆದಿದ್ದರು. ನಾನು ಕೊರಿಯನ್ ಕ್ಯಾರೆಟ್ಟಿನ ಎರಡು ಡಬ್ಬಿ ಹಿಡಿದು ಹೋದೆ. ಒರೆಕೆ ಎತ್ತರದ ಮುದುಕ, ಬಿಸಿಲಿಗೆ ಸುಟ್ಟ ಮುಖ, ಕೂತಲ್ಲಿಂದಲೇ ಇಡೀ ಕೋಣೆಯನ್ನು ಮಂದೆಯ ಹಾಗೆ ಎಣಿಸುವ ಕಣ್ಣು. ಕುದುರೆ ಮಾಂಸದ ಮೇಲೆ ಕುರಿಯ ತಲೆಯಿಟ್ಟ ಹರಿವಾಣ ಬಂತು. ಕುರಿಯ ಬಾಲದ ಕೊಬ್ಬನ್ನೂ ಲಿವರನ್ನೂ ಸೇರಿಸಿ ದುಯ್ಸೆನ್ ತನ್ನ ಕೈಯಾರೆ ಬೀಗರ ಬಾಯಿಗಿಟ್ಟ. ಇದನ್ನು ತಿಂದರೆ ಸಂಬಂಧ ಗಟ್ಟಿ. ಒರೆಕೆ ನಿಧಾನವಾಗಿ ಅಗಿದು ನುಂಗಿದರು. ತೊಗ್ಜಾನ್ ಅಡುಗೆಮನೆಯ ಬಾಗಿಲಲ್ಲಿ ನಿಂತು ತುಟಿ ಕಚ್ಚಿಕೊಂಡು ನೋಡುತ್ತಿದ್ದಳು. ಆ ಹುಡುಗಿಯ ಮುಖ ನೋಡಿ ನನಗೂ ಸಂತೋಷವಾಯಿತು.

ಅಲ್ಲಿಗೆ ಎಲ್ಲ ಮುಗಿದು ಚಹಾ ಕುಡಿದು ಏಳಬಹುದಿತ್ತು. ರೌಶಾನ್‌ಗೆ ತಡೆಯಲಾಗಲಿಲ್ಲ. ಗಾಜಿನ ಕಪಾಟಿನಿಂದ ಕಾಗದ ತಂದು, ಕನ್ನಡಕ ಏರಿಸಿ, ನಿಂತುಕೊಂಡು ಓದಿದಳು. ಮೊಹರಿನ ಸುತ್ತ ಬರೆದದ್ದನ್ನೂ ಕಾಗದ ತಿರುಗಿಸಿ ತಿರುಗಿಸಿ ಓದಿದಳು. ಒರೆಕೆ ಬಟ್ಟಲು ಕೆಳಗಿಟ್ಟರು.

“ಮಗ ಕಳ್ಸಿದ್ದ ಹಾಡು ಕೇಳಿದ್ದೆ,” ಎಂದರು. “ಮೂರನೇದು. ಅವತ್ತು ಊಟ ಸೇರ್ಲಿಲ್ಲ. ಆ ದನಿ ಈ ಯಂತ್ರದ್ದೇನಾ?”

“ಇದರದ್ದೇ!” ಎಂದಳು ರೌಶಾನ್.

ಒರೆಕೆ ದುಯ್ಸೆನ್‌ನನ್ನು ನೋಡಿದರು. ದುಯ್ಸೆನ್ ಹರಿವಾಣದಲ್ಲಿದ್ದ ಕುರಿಯ ತಲೆಯನ್ನು ನೋಡಿದ. ಅದೂ ಸಹಾಯಕ್ಕೆ ಬರಲಿಲ್ಲ.

“ಬೀಗ್ರೇ, ನಾನು ಯಾರ ಮನೇಲೂ ಏನೂ ಕೇಳಿದೋನಲ್ಲ. ಇವತ್ತು ಕಲಾವ್ ಕೇಳ್ತಿದೀನಿ. ಆ ಯಂತ್ರ ನಂಗೆ ಕೊಡಿ.”

ಬೀಗರು ಮನಸಾರೆ ಮೆಚ್ಚಿ ಒಂದು ವಸ್ತುವನ್ನು ಕಲಾವ್ ಎಂದು ಕೇಳಿದರೆ, ಅದು ಸವಾರಿಯ ಕುದುರೆಯಾದರೂ ಸರಿ, ಮೈಮೇಲಿನ ಕೋಟಾದರೂ ಸರಿ, ಇಲ್ಲ ಎನ್ನುವ ಹಾಗಿಲ್ಲ. ಇಲ್ಲವೆಂದರೆ ಇಬ್ಬರ ಮಾನವೂ ಹೋಯಿತು. ಅಳಿಯನ ನಂಟು ನೂರು ವರ್ಷ, ಬೀಗರ ನಂಟು ಸಾವಿರ ವರ್ಷ ಎಂಬ ಗಾದೆ ಬೇರೆ.

“ಆಗ್ಲಿ ಒರೆಕೆ, ನಿಮ್ದೇ ಅಂದ್ಕೊಳ್ಳಿ,” ಎಂದ ದುಯ್ಸೆನ್. ಹೇಳಿ, ಬಿಸಿ ಚಹಾ ಒಂದೇ ಗುಟುಕಿಗೆ ಕುಡಿದು ಕಣ್ಣಲ್ಲಿ ನೀರು ತಂದುಕೊಂಡ. ಬೀಗರು ಅದನ್ನು ಯಂತ್ರದ ಮೇಲಿನ ಮಮತೆ ಎಂದುಕೊಂಡರು. ಮೊಹರಿನ ಕಾಗದವನ್ನು ಒಳಜೇಬಿಗೆ ಇಟ್ಟುಕೊಂಡು, “ಬುಧವಾರ ಲಾರಿ ತರ್ತೀನಿ. ಊರಲ್ಲಿ ಎಲ್ರಿಗೂ ಫೋನು ಮಾಡಿ ಹೇಳ್ಬಿಡ್ತೀನಿ,” ಎಂದರು.

ಮೆಟ್ಟಿಲಿಳಿಯುವಾಗ ದುಯ್ಸೆನ್ ನನ್ನ ತೋಳು ಹಿಡಿದ.

“ಕುದುರೆ ವಯಸ್ಸಿಗೇ ಸಂಬಂಧ ಮುರಿದೋರು ಕಣೋ. ಇದು ಗೊತ್ತಾದ್ರೆ ತೊಗ್ಜಾನ್ ಗತಿ ಏನು?”

“ಮೂರು ದಿನ ಇದೆ. ಒಂದು ಯಂತ್ರ ಮಾಡೋಣ,” ಎಂದೆ. ನನ್ನ ಬುದ್ಧಿಗೆ ನಾನೇ ಹೊಣೆ.

ಮಾಡಿದೆವು. ಗುಜರಿಗೆ ಹಾಕಿದ್ದ ಲಿಫ್ಟಿನ ಗುಂಡಿಗಳ ಫಲಕ, ಒಂಬತ್ತು ಬಿಳಿ ಗುಂಡಿ, ಒಂದು ಕೆಂಪು. ಅದನ್ನು ಕಬ್ಬಿಣದ ಪೆಟ್ಟಿಗೆಗೆ ಕೂರಿಸಿದೆವು. ಒಳಗೆ ಹಸಿರು ದೀಪ. ತೂಕ ಬರಲಿ ಎಂದು ನನ್ನ ಅಂಗಡಿಯ ಹನ್ನೆರಡು ಕಿಲೋ ಪ್ಲಾಸ್ಟರು ಸುರಿದೆವು. ನಾನು ಕಟ್ಟುಹಲ್ಲಿಗೆ ಬಳಿಯುವ ಬಣ್ಣದಲ್ಲಿ ‘ಕೆ.ಪಿ.–೯’ ಎಂದು ಬರೆದೆ. ನೋಡಲು ಬಹಳ ಗಂಭೀರವಾಗಿತ್ತು. ಮದುವೆಗೆ ಬಂದ ಸರ್ಕಾರಿ ಅಧಿಕಾರಿಯ ಹಾಗೆ, ಏನೂ ಮಾಡುತ್ತಿರಲಿಲ್ಲ.

ಬುಧವಾರ ಮಧ್ಯಾಹ್ನ ಒರೆಕೆ ಸೋದರಳಿಯನ ಲಾರಿಯಲ್ಲಿ ಬಂದಿಳಿದರು. ಎರಡನೇ ಸಾಲಿನ ಜನವೆಲ್ಲ ಹೊರಗೆ ನೆರೆದಿತ್ತು. ನೀನಾ ಪಾವ್ಲೊವ್ನಾ ಮೀಟರು ಹಿಡಿದು ಮುಂದೆಯೇ ನಿಂತಿದ್ದರು. ಒರೆಕೆ ಒಳಗೆ ಬಂದು ಬಾಗಿಲು ಎಳೆದುಕೊಂಡರು.

“ಹಚ್ಚಿ ನೋಡೋಣ.”

ಉಪಾಯ ಹೀಗಿತ್ತು: ದುಯ್ಸೆನ್ ಪೆಟ್ಟಿಗೆಯ ಗುಂಡಿ ಒತ್ತಬೇಕು, ನಾನು ಅವರ ಬೆನ್ನ ಹಿಂದೆ ಸಿಂಥಸೈಜರ್ ನುಡಿಸಬೇಕು, ನೆಲದಡಿಯ ಗುಂಡಿ ತನ್ನ ಕೆಲಸ ಮಾಡಬೇಕು. ದುಯ್ಸೆನ್ ಮೂರನ್ನು ಒತ್ತಿದ. ನಾನು ನುಡಿಸಿದೆ. ದನಿ ಎದ್ದು ಬಂತು. ಒರೆಕೆ ಕಣ್ಣು ಮುಚ್ಚಿದರು. ಮುಖ ಸಡಿಲವಾಯಿತು. ಗೆದ್ದೆವು ಎಂದುಕೊಂಡೆ. ಅಷ್ಟರಲ್ಲಿ ಅವರು ಕಣ್ಣು ತೆರೆದು, ತಾವೇ ಮುಂದೆ ಬಂದು ಕೆಂಪು ಗುಂಡಿ ಅದುಮಿದರು.

“ಬಾಗಿಲಿಂದ ದೂರ ನಿಂತ್ಕೊಳ್ಳಿ!” ಎಂದು ಕೂಗಿದ ದುಯ್ಸೆನ್. ಲಿಫ್ಟಿನ ಕೆಲಸದಲ್ಲಿ ಇಪ್ಪತ್ತೈದು ವರ್ಷದ ಅಭ್ಯಾಸ.

ಒರೆಕೆ ಬಾಗಿಲ ಕಡೆ ನೋಡಿದರು, ಪೆಟ್ಟಿಗೆ ನೋಡಿದರು, ಹಿಂದೆ ತಿರುಗಿ ನನ್ನ ಬೆರಳುಗಳನ್ನು ನೋಡಿದರು. ನಾನು ಬೆರಳು ಎತ್ತಿದೆ. ಆದರೂ ದನಿ ಇನ್ನೂ ಮುಗಿದಿರಲಿಲ್ಲ, ಕೆಳಗೆ ಸುತ್ತುತ್ತಿತ್ತು. ಅವರು ಬಗ್ಗಿ ಅಂಗೈಯನ್ನು ನೆಲಕ್ಕೆ ಊರಿದರು. ಮರಳುಗಾಡಿನಲ್ಲಿ ನೀರು ಹುಡುಕಿದವನಿಗೆ ದನಿ ಎಲ್ಲಿಂದ ಬರುತ್ತಿದೆ ಎಂದು ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಚಾಪೆ ಸರಿಸಿದರು, ಹಲಗೆ ಎತ್ತಿದರು, ಕೋಟಿನ ಸಮೇತ ಏಣಿಯಿಳಿದು ಗುಂಡಿಯೊಳಕ್ಕೆ ಹೋದರು.

ದುಯ್ಸೆನ್ ಸ್ಟೂಲಿನ ಮೇಲೆ ಕುಸಿದ. ನಾನು ಕೂರಲಾರದೆ ನಿಂತೆ, ನಿಲ್ಲಲಾರದೆ ಬಾಗಿಲವರೆಗೆ ಹೋಗಿ ಬಂದೆ. ಹೊರಗೆ ನೀನಾ ಪಾವ್ಲೊವ್ನಾ, “ಬದ್ಕಿದೀರಾ?” ಎಂದು ಬಾಗಿಲು ತಟ್ಟಿದರು. ಕೆಳಗೆ ಬಾಟಲಿಗಳು ಕಿಣಿಗುಟ್ಟಿದವು. ಆಮೇಲೆ ಏನೂ ಇಲ್ಲ. ಆಮೇಲೆ, ಮೈಕು ಚಾಲೂ ಇದ್ದುದರಿಂದ, ಗ್ಯಾರೇಜಿನ ಸ್ಪೀಕರುಗಳಲ್ಲಿ ಮುದುಕನ ದನಿ ಬಂತು. ಒಂಟೆಗಳನ್ನು ನೀರಿಗೆ ಕರೆಯುವ ಕೂಗು.

“ಕೋಸ್... ಕೋಸ್ ಕೋಸ್... ಕೋ...ಸ್...”

ಅವರು ಕೂಗಿ ನಿಲ್ಲಿಸಿದರು, ಗುಂಡಿ ಅದನ್ನು ಹಿಂದಿರುಗಿಸಿತು, ಅವರು ಮತ್ತೆ ಕೂಗಿದರು. ಹೀಗೆ ಐದಾರು ಸಲ. ಯಾರೂ ಕೇಳುತ್ತಿಲ್ಲ ಎಂದುಕೊಂಡ ಮನುಷ್ಯನ ದನಿ ಅದು. ನನಗೆ ಅದನ್ನು ಕೇಳಲು ನಾಚಿಕೆಯಾಯಿತು, ನಿಲ್ಲಿಸಲು ಮನಸ್ಸು ಬರಲಿಲ್ಲ.

ಮೇಲೆ ಬಂದಾಗ ಅವರ ಟೋಪಿಗೆ ಜೇಡರ ಬಲೆ ಹತ್ತಿತ್ತು.

“ಯಂತ್ರ ಇಲ್ಲ,” ಎಂದರು.

“ಇಲ್ಲ,” ಎಂದ ದುಯ್ಸೆನ್. ಎದ್ದು ನಿಂತ. “ಒರೆಕೆ, ಅದು ಗುಂಡಿ, ಅವು ಆಲೂಗಡ್ಡೆ. ಇದು ಲಿಫ್ಟಿನ ಗುಜರಿ. ನಾನು ಇಂಜಿನಿಯರ್ ಅಲ್ಲ, ಲಿಫ್ಟ್ ರಿಪೇರಿಯೋನು. ಸುಳ್ಳೆಲ್ಲ ನಂದು. ಮಗಳಿಗೆ ಒಂದಕ್ಷರ ಗೊತ್ತಿಲ್ಲ. ನನ್ನ ಮುಖಕ್ಕೆ ಉಗೀರಿ, ತಗೊಳ್ತೀನಿ. ಅವಳ ಮೇಲೆ ಮಾತ್ರ ಹಾಕ್ಬೇಡಿ.”

ಇಪ್ಪತ್ತು ವರ್ಷದ ಸ್ನೇಹದಲ್ಲಿ ಅವನು ಒಂದೇ ಉಸಿರಿಗೆ ಇಷ್ಟು ನೆಟ್ಟಗೆ ಮಾತಾಡಿದ್ದನ್ನು ನಾನು ಕೇಳಿರಲಿಲ್ಲ.

ಒರೆಕೆ ಟೋಪಿ ತೆಗೆದು ಜೇಡರ ಬಲೆ ಬಿಡಿಸಿಕೊಂಡರು. ಬಹಳ ಹೊತ್ತು ಬಿಡಿಸಿಕೊಂಡರು.

“ನಮ್ಮಪ್ಪನ ಹಟ್ಟಿ ಹತ್ರ ಒಂದು ಬಾವಿ ಇತ್ತು,” ಎಂದರು ಕೊನೆಗೆ. “ಇಪ್ಪತ್ತು ಮಾರು ಆಳ. ನೀರು ಸೇದೋ ಮುಂಚೆ ಅದರೊಳಗೆ ಬಗ್ಗಿ ಕೂಗ್ತಿದ್ವಿ, ಬಾವಿ ತಿರುಗಿ ಕೂಗೋದು. ಸಮುದ್ರ ಹಿಂದಕ್ಕೆ ಹೋಯ್ತು, ಬಾವಿ ಬತ್ತಿ ಮರಳು ತುಂಬ್ಕೊಳ್ತು. ನಲವತ್ತು ವರ್ಷ ಆಯ್ತು. ನಿಮ್ಮ ಹಾಡಲ್ಲಿ ಅದೇ ಬಾವಿ ಕೂಗ್ತು. ಈ ಪಟ್ಟಣದೋರು ಬಾವೀನ ಯಂತ್ರದೊಳಗೆ ಹೇಗಪ್ಪ ತುಂಬಿದ್ರು ಅಂತ ತಲೆ ಕೆಟ್ಟಿತ್ತು.” ಅವರು ದುಯ್ಸೆನ್‌ನ ಭುಜಕ್ಕೆ ಒಂದು ಗುದ್ದು ಹಾಕಿದರು. ದುಯ್ಸೆನ್ ತಾಳದ ಪೆಟ್ಟಿಗೆಯ ಮೇಲೆ ಬಿದ್ದ, ಅದು ಟಕಟಕ ಶುರು ಮಾಡಿತು. “ಬಾಯಲ್ಲಿ ಸುಳ್ಳು ಹೇಳಿದ್ರಿ. ಹಾಡಲ್ಲಿ ಹೇಳಿಲ್ಲ. ಬಾಲದ ಕೊಬ್ಬು ತಿಂದಾಗಿದೆ, ಅದು ಅರಗಿಯೂ ಆಗಿದೆ. ಹುಡುಗಿ ನಮ್ಮೋಳೇ.”

ದುಯ್ಸೆನ್ ಅವರ ಕೈ ಹಿಡಿದುಕೊಂಡು ಅತ್ತೇಬಿಟ್ಟ. ನಾನು ತಾಳದ ಪೆಟ್ಟಿಗೆ ಆರಿಸಿದೆ.

“ಆದ್ರೆ ಕಲಾವ್ ಕಲಾವೇ,” ಎಂದರು ಒರೆಕೆ. “ಕೇಳಿದ ಬೀಗ ಖಾಲಿ ಲಾರೀಲಿ ಊರಿಗೆ ಹೋಗೋ ಹಾಗಿಲ್ಲ. ನಿಮಗೆ ಭಾರ ಆಗ್ಬಾರ್ದು, ಚಿಕ್ಕದೇ ಕೇಳ್ತೀನಿ. ಆ ಏಳು ಮೂಟೆ ಆಲೂಗಡ್ಡೆ ಕೊಟ್ಬಿಡಿ.”

ನಾನು ಗುಂಡಿಯ ಬಾಯಿಗೆ ಅಡ್ಡ ನಿಂತೆ.

“ಒರೆಕೆ, ಈ ಸಿಂಥಸೈಜರ್ ತಗೊಳ್ಳಿ!” ಎಂದೆ. “ಟೇಪ್ ರೆಕಾರ್ಡರ್ ಎರಡೂ ತಗೊಳ್ಳಿ! ಬೇಕಾದ್ರೆ ಒಂದು ಸೆಟ್ ಹಲ್ಲು...”

“ಹಲ್ಲು ನನಗಿದೆ,” ಎಂದರು ಒರೆಕೆ.

“ಇನ್ನೊಂದು ಹಾಡು ಬಾಕಿ ಇದೆ ಕಣೋ!” ಎಂದು ದುಯ್ಸೆನ್‌ನ ಕಿವಿಯಲ್ಲಿ ಪಿಸುಗುಟ್ಟಿದೆ.

“ಎತ್ತು,” ಎಂದ ದುಯ್ಸೆನ್.

ಎತ್ತಿದೆವು. ಒಂದೊಂದೇ ಮೂಟೆ ಏಣಿಯೇರಿ ಲಾರಿ ಸೇರುವಾಗ ನೀನಾ ಪಾವ್ಲೊವ್ನಾ ಪ್ರತಿ ಮೂಟೆಗೂ ಮೀಟರು ಹಿಡಿದು ತಲೆಯಾಡಿಸಿದರು. ಲಾರಿ ಹೋದ ಮೇಲೆ ನಾನು ಒಬ್ಬನೇ ಇಳಿದು ಖಾಲಿ ಗುಂಡಿಯಲ್ಲಿ ಚಪ್ಪಾಳೆ ತಟ್ಟಿದೆ. ದನಿ ಎಲ್ಲೋ ಹೋಗಿ, ಯೋಚನೆ ಮಾಡಿ, ತಡವಾಗಿ ಬಂತು. ಆರನೇ ಹಾಡನ್ನು ಅದರಲ್ಲೇ ಮುಗಿಸಿದೆವು. ಮೊದಲಿನ ಐದಕ್ಕಿಂತ ಇದೇ ಚೆನ್ನಾಗಿದೆ ಎಂದು ದುಯ್ಸೆನ್ ಅನ್ನುತ್ತಾನೆ. ನಾನು ಇನ್ನೂ ಒಪ್ಪಿಲ್ಲ.

ಹತ್ತು ದಿನ ಕಳೆದು ಒಂದು ಸಂಜೆ, ನಾವು ಗ್ಯಾರೇಜಿನಲ್ಲಿದ್ದಾಗ, ಒರೆಕೆ ಅವರ ಫೋನು ಬಂತು. ದನಿ ತಗ್ಗಿತ್ತು. ಯಾರಿಗೂ ಕೇಳಿಸದ ಹಾಗೆ ಒಂಟೆ ಕೊಟ್ಟಿಗೆಯಿಂದ ಮಾತಾಡುತ್ತಿದ್ದರಂತೆ.

“ಬೀಗ್ರೇ, ಆ ಯಂತ್ರ ಯಾತಕ್ಕೆ ಮಾಡಿದ್ದು ಅಂತ ರೇಡಿಯೋಲಿ ಅಂದಿದ್ರಿ?”

ದುಯ್ಸೆನ್ ನನ್ನ ಮುಖ ನೋಡಿದ. “ಯಾಕೆ ಒರೆಕೆ?”

“ಲಾರಿ ಊರಿಗೆ ಬಂದಾಗ ಜನವೆಲ್ಲ ಕಾದಿತ್ತು. ನಾನೇ ಫೋನು ಮಾಡಿ ಹೇಳಿದ್ನಲ್ಲ. ಮುದುಕಿಯರು ಮಿಠಾಯಿ ಎರಚಿದ್ರು. ಬಾಯಿ ಬರ್ಲಿಲ್ಲ ಬೀಗ್ರೇ. ಯಂತ್ರ ಬಿಚ್ಚಿ ಮೂಟೇಲಿ ತಂದಿದೀನಿ ಅಂದ್ಬಿಟ್ಟೆ. ಕಾಗದದ ಮೊಹರು ಬೇರೆ ತೋರಿಸ್ದೆ. ಹೊಸ ವಸ್ತು ನೋಡೋಕೆ ಬರಿಗೈಲಿ ಬರಬಾರದು ಅಂತ ಒಬ್ಬೊಬ್ಬರೂ ಉಡುಗೊರೆ ತಂದ್ರು. ಊರಿನ ಮುಖ್ಯಸ್ಥ ಕುರಿನೇ ತಂದ. ಈಗ ಮೂಟೆ ಬಿಚ್ಚು ಅಂತ ಕೂತಿದಾರೆ.”

ದುಯ್ಸೆನ್ ನೆಟ್ಟಗೆ ಕೂತ. ಜೀವನದಲ್ಲಿ ಮೊದಲ ಬಾರಿಗೆ ಹಿರಿಯರೊಬ್ಬರಿಗೆ ಬುದ್ಧಿ ಹೇಳುವ ಅವಕಾಶ ಸಿಕ್ಕಿತ್ತು.

“ಒರೆಕೆ, ನಿಜ ಹೇಳ್ಬಿಡಿ. ಹೇಳಿದ ಮೇಲೆ ಹಗುರ ಆಗುತ್ತೆ. ನಾನು ನೋಡಿದೀನಲ್ಲ.”

ಆ ಕಡೆ ಒಂಟೆಯೊಂದು ಉಸಿರು ಬಿಟ್ಟಿತು. ಒರೆಕೆಯೂ ಬಿಟ್ಟರು.

“ಹೇಳ್ಬಹುದಿತ್ತು. ಆದ್ರೆ ಕುರಿ ತಿಂದಾಗಿದೆ. ಯಂತ್ರದಲ್ಲೂ ಅರ್ಧ ಮೂಟೆ ಅದರ ಜೊತೆಗೇ ಬೆಂದು ಹೋಯ್ತು.”

“ಅಯ್ಯೋ. ಈಗ?”

“ಮೇ ತಿಂಗಳಲ್ಲಿ ಮದುವೆಗೆ ಬರ್ತೀರಲ್ಲ, ಬರೋವಾಗ ಇನ್ನೆರಡು ಮೂಟೆ ತನ್ನಿ. ಬಿಡಿಭಾಗ ಬರೋವರೆಗೂ ಜೋಡಿಸೋಕಾಗಲ್ಲ ಅಂತ ಅವರಿಗೆ ಹೇಳಿರ್ತೀನಿ.”

ಮಾರನೇ ದಿನವೇ ದುಯ್ಸೆನ್ ನನ್ನನ್ನು ಬಜಾರಿಗೆ ಎಳೆದುಕೊಂಡು ಹೋದ. ಮೇ ತಿಂಗಳಿಗೆ ಇನ್ನೂ ಎರಡೂವರೆ ತಿಂಗಳಿತ್ತು, ಹೇಳಿದರೆ ಕೇಳಲಿಲ್ಲ. ಅಂಗಡಿ ಅಂಗಡಿಯಲ್ಲೂ ಬಗ್ಗಿ ಆಲೂಗಡ್ಡೆಗಳನ್ನು ಒಂದೊಂದಾಗಿ ಎತ್ತಿ, ಉಜ್ಜಿ, ತಿರುಗಿಸಿ ನೋಡುತ್ತಿದ್ದ. ಮಾರುವವಳಿಗೆ ತಾಳ್ಮೆ ಕೆಟ್ಟಿತು.

“ಅದೇನಪ್ಪಾ ಅಷ್ಟು ಆರಿಸ್ತೀಯ? ಬೇಯಿಸೋಕಾ, ಬಿತ್ತೋಕಾ?”

“ಬೀಗರಿಗೆ ಕಣಮ್ಮಾ,” ಎಂದು ದುಯ್ಸೆನ್ ಎದೆಯುಬ್ಬಿಸಿ ಹೇಳಿದ.